ಬೀಚಿನಲ್ಲಿ ಬೆನ್ನು ಬಿಡದ ವ್ಯಾಪಾರಿಗಳಿಗೆ ಏನು ಹೇಳಬೇಕು?

ಪ್ರಶ್ನೆ: ರಜೆಗೆ ಗೋವಾಕ್ಕೆ ಹೋದರೆ ಕಲಂಗುಟ್, ಬಾಗಾ ಬೀಚುಗಳಲ್ಲಿ ಸರ, ಕಾಲ್ಗೆಜ್ಜೆ, ಬಟ್ಟೆ ಮಾರುವವರು ಬೆನ್ನು ಬಿಡುವುದಿಲ್ಲ. ಒರಟಾಗಿ ಮಾತಾಡಲು ಮನಸ್ಸು ಬರುವುದಿಲ್ಲ, ಸುಮ್ಮನಿದ್ದರೆ ಅವರು ಹೋಗುವುದಿಲ್ಲ. ಏನು ಮಾಡಬೇಕು? ಬೆಲೆ ಕೇಳಿ ಕೊಳ್ಳದಿದ್ದರೆ ತಪ್ಪೇ?

ಉತ್ತರ: ನೋಯಿಸದೆ ಬೇಡವೆನ್ನುವುದು ಹೇಗೆ, ಬೆಲೆ ಕೇಳಿದ ಮೇಲೆ ಕೊಳ್ಳಲೇಬೇಕೇ ಎಂಬ ಎರಡು ಸಂದೇಹಗಳು ನಿಮ್ಮ ಪ್ರಶ್ನೆಯಲ್ಲಿವೆ.

ಮೊದಲು, ನಿಮ್ಮೆದುರು ನಿಂತವರು ಯಾರೆಂದು ನೋಡೋಣ. ಗೋವಾದ ಬೀಚುಗಳಲ್ಲಿ ಸರ, ಬಟ್ಟೆ ಮಾರುವ ಹೆಂಗಸರಲ್ಲಿ ಅನೇಕರು ನಮ್ಮ ಉತ್ತರ ಕರ್ನಾಟಕದ ತಾಂಡಾಗಳಿಂದ ಹೋದ ಲಂಬಾಣಿಗರು. ಮಳೆಗಾಲದಲ್ಲಿ ವ್ಯಾಪಾರ ಬಹುತೇಕ ನಿಲ್ಲುವುದರಿಂದ ಉಳಿದ ಕೆಲವು ತಿಂಗಳಲ್ಲೇ ಅವರು ವರ್ಷದ ಗಳಿಕೆ ಕಾಣಬೇಕು. ಬಿಸಿಲಲ್ಲಿ ಗಂಟು ಹೊತ್ತು ನಡೆಯುವವರಿಗೆ ನಿಮ್ಮ ಸಂಕೋಚದಿಂದ ಉಪಯೋಗವಿಲ್ಲ. ಸ್ಪಷ್ಟವಾದ ಉತ್ತರ ಬೇಗ ಸಿಕ್ಕರೆ ಮುಂದಿನ ಗಿರಾಕಿಯ ಹತ್ತಿರ ಹೋಗಬಹುದು.

ನಾವು ಎಡವುವುದು ಇಲ್ಲಿಯೇ. ದಾಕ್ಷಿಣ್ಯಕ್ಕೆ 'ಆಮೇಲೆ ನೋಡೋಣ' ಎನ್ನುತ್ತೇವೆ. ನಮಗದು ಮಾತು ಮುಗಿಸುವ ಉಪಾಯ, ಅವರಿಗದು ವಾಯಿದೆ. ಸಂಜೆ ಬಂದು 'ಆಗ ಹೇಳಿದ್ರಲ್ಲ ಅಕ್ಕಾ' ಎಂದರೆ ಅವರ ತಪ್ಪೇನಿಲ್ಲ. ಆದ್ದರಿಂದ ಮೊದಲ ಸಲವೇ ಮುಖ ನೋಡಿ, 'ಬೇಡಮ್ಮ, ಏನೂ ತಗೊಳ್ಳಲ್ಲ' ಎಂದು ಹೇಳಿ ನಿಮ್ಮ ಪಾಡಿಗೆ ನೀವಿರಿ. ಅದರ ಜೊತೆ ಕಾರಣ ಸೇರಿಸಬೇಡಿ. 'ದುಡ್ಡು ತಂದಿಲ್ಲ' ಎಂದರೆ 'ಫೋನ್‌ಪೇ ಮಾಡಿ' ಎನ್ನುತ್ತಾರೆ, 'ನನ್ನ ಹತ್ತಿರ ಇದೆ' ಎಂದರೆ 'ತಂಗಿಗೆ ತಗೊಳ್ಳಿ' ಎನ್ನುತ್ತಾರೆ. ಕೊಳ್ಳುವ ಇರಾದೆಯಿಲ್ಲದೆ ಸರಕು ಮುಟ್ಟಬೇಡಿ. 'ಸುಮ್ನೆ ನೋಡಿ' ಎನ್ನುತ್ತ ಕೈಗೋ ಕಾಲಿಗೋ ಸರ ಕಟ್ಟಲು ಬಂದರೆ ಹಿಂದಕ್ಕೆ ಸರಿಯಿರಿ. ಕಟ್ಟಿಯೇಬಿಟ್ಟರೆ ಬಿಚ್ಚಿ ಅವರ ಕೈಗೇ ಕೊಡಿ, ಮರಳ ಮೇಲೆ ಹಾಕಬೇಡಿ.

ಈಗ ಎರಡನೆಯ ಸಂದೇಹ. ಬೆಲೆ ಕೇಳುವುದು ಬೇರೆ, ಬೆಲೆ ಹೇಳುವುದು ಬೇರೆ. ಅವರು ಐನೂರು ಎಂದಾಗ ನೀವು ಬೇಡವೆಂದು ಎದ್ದು ಹೋದರೆ ಯಾವ ತಪ್ಪೂ ಇಲ್ಲ. ಆದರೆ 'ಇನ್ನೂರಕ್ಕೆ ಕೊಡ್ತೀರಾ' ಎಂದು ನೀವೇ ಕೇಳಿ, ಅವರು ಒಪ್ಪಿದರೆ ಕೊಳ್ಳಬೇಕು. ಯಾವ ಸಂತೆಯಲ್ಲಾದರೂ ಇದೇ ಮರ್ಯಾದೆ. ಸುಮ್ಮನೆ ತಮಾಷೆಗೆ ಚೌಕಾಶಿಗಿಳಿದು ಕೈಬಿಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಕಾನೂನು. ಪ್ರವಾಸಿಗರನ್ನು ಪೀಡಿಸುವುದನ್ನು ತಡೆಯಲು ಗೋವಾದಲ್ಲಿ 2001ರ ಪ್ರವಾಸಿ ತಾಣಗಳ ರಕ್ಷಣಾ ಕಾಯ್ದೆ ಇದೆ. 2025ರಲ್ಲಿ ಅದಕ್ಕೆ ತಿದ್ದುಪಡಿ ತಂದು ದಂಡವನ್ನು 1 ಲಕ್ಷ ರೂಪಾಯಿವರೆಗೆ ಏರಿಸಲಾಗಿದೆ. ಯಾರಾದರೂ ದಾರಿಗಡ್ಡ ನಿಂತರೆ, ಮೈಮುಟ್ಟಿದರೆ, ಬೆದರಿಸಿದರೆ 112ಕ್ಕೆ ಕರೆ ಮಾಡಿ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 1363 ಸಹಾಯವಾಣಿಯೂ ಹಗಲಿರುಳು ಸಿಗುತ್ತದೆ. ಎರಡು ಸಲ 'ತಗೊಳ್ಳಿ ಅಕ್ಕಾ' ಎಂದ ಮಾತ್ರಕ್ಕೆ ಪೊಲೀಸರನ್ನು ಕರೆಯಬೇಡಿ, ಅದು ಅತಿಯಾಯಿತು.

ನಿಜಕ್ಕೂ ಲಂಬಾಣಿ ಕಸೂತಿ ಬೇಕೆನಿಸಿದರೆ ಬಟ್ಟೆಯನ್ನು ತಿರುವಿ ಹಿಂಬದಿ ನೋಡಿ. ಕೈಹೊಲಿಗೆಯಾದರೆ ಗಂಟುಗಳು, ಸಮವಲ್ಲದ ಎಳೆಗಳು ಕಾಣುತ್ತವೆ. ಯಂತ್ರದ್ದಾದರೆ ಹೊಲಿಗೆಯೆಲ್ಲ ಒಂದೇ ಅಳತೆ. ಬೀಚಿನಲ್ಲಿ ಸಿಗುವುದರಲ್ಲಿ ಯಂತ್ರದ್ದೂ ಬೇಕಾದಷ್ಟಿರುತ್ತದೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಕೈಕಸೂತಿ ನಮ್ಮ ಬಳ್ಳಾರಿ ಜಿಲ್ಲೆಯ ಸಂಡೂರಿನದು. ಅದು ಬೇಕಿದ್ದರೆ ಗೋವಾದವರೆಗೆ ಹೋಗಬೇಕಾಗಿಲ್ಲ.