ಹಿತ್ತಲ ದಾಳಿಂಬೆಗೆ ಗೂಟಿ, ಗೂಟಿಯಿಂದ ಬೋನ್ಸಾಯ್

ಬೋನ್ಸಾಯ್ ಎಂದೊಡನೆ ಹೆಚ್ಚಿನವರ ಕಣ್ಣಿಗೆ ಬರುವುದು ಜಪಾನಿನ ಕೆಂಪೆಲೆಯ ಮೇಪಲ್. ಬಸವಕಲ್ಯಾಣ, ಹುಮನಾಬಾದ್ ಕಡೆಯವರು ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿ, “ಇದು ನಮ್ಮಲ್ಲಿ ಬರ್ತದೇನ್ರಿ?” ಎಂದು ಕೇಳುತ್ತಾರೆ. ಅದರ ಆಸೆ ಬಿಡಿ ಎಂದೇ ನಾನು ಹೇಳುವುದು. ಮೇಪಲ್‌ಗೆ ಎಲೆ ಉದುರಿಸಿ ನಿದ್ದೆ ಹೋಗಲು ಉದ್ದನೆಯ ಕೊರೆವ ಚಳಿ ಬೇಕು. ನಮ್ಮ ಏಪ್ರಿಲ್-ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ, ಒಣಗಾಳಿಗೆ ಅದರ ತೆಳು ಎಲೆಯ ಅಂಚು ಸುಟ್ಟುಹೋಗುತ್ತದೆ. ಆದರೆ ಜಪಾನಿನವರು ಮೇಪಲ್ ಕೊಂಬೆಯಲ್ಲೇ ಬೇರು ಬರಿಸಿ ಗಿಡ ಮಾಡುವ ವಿದ್ಯೆ ನಮ್ಮ ತೋಟದವರಿಗೆ ಹೊಸದಲ್ಲ. ಅವರು ಅದನ್ನು ‘ತೊರಿಕಿ’ ಅನ್ನುತ್ತಾರೆ, ನಾವು ಗೂಟಿ ಕಟ್ಟುವುದು ಅನ್ನುತ್ತೇವೆ. ಗಡಿಯಾಚೆ ಸೊಲ್ಲಾಪುರದ ಕಡೆ ದಾಳಿಂಬೆ ತೋಟಗಳು ಎದ್ದಿದ್ದರಲ್ಲಿ ಗೂಟಿ ಗಿಡಗಳ ಪಾಲು ದೊಡ್ಡದು.

ಹಾಗಾಗಿ ಮೇಪಲ್ ಬಿಟ್ಟು ದಾಳಿಂಬೆ ಹಿಡಿಯೋಣ. ಬಿಸಿಲು ತಡೆಯುತ್ತದೆ, ಎಲೆ ಸಣ್ಣದು, ವಯಸ್ಸಾದಂತೆ ತೊಗಟೆ ಸೀಳಿ ಕಾಂಡ ತಿರುಚಿಕೊಳ್ಳುತ್ತದೆ, ಬಟ್ಟಲಿನಷ್ಟು ಮಣ್ಣಿನಲ್ಲೂ ಕೆಂಪು ಹೂ ಬಿಡುತ್ತದೆ. ಮಂಠಾಳದಂಥ ಊರುಗಳಲ್ಲಿ ಸುತ್ತ ತೊಗರಿ, ಸೋಯಾ, ಉದ್ದಿನ ಹೊಲವಿದ್ದರೂ ಹಿತ್ತಲಲ್ಲಿ ಒಂದು ದಾಳಿಂಬೆ ಇರುವ ಮನೆಗಳು ಸಿಗುತ್ತವೆ. ಗಿಡ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ದಾಳಿಂಬೆ ಕಡ್ಡಿ ನೆಟ್ಟರೂ ಚಿಗುರುತ್ತದಲ್ಲ, ಗೂಟಿ ಯಾಕೆ ಎಂಬ ಪ್ರಶ್ನೆ ಸಹಜ. ಕಡ್ಡಿ ನೆಟ್ಟರೆ ಬೇರು ಎಲ್ಲಿ, ಯಾವ ಮಗ್ಗುಲಿಗೆ ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಕಾಂಡ ದಪ್ಪಗಾಗಲು ವರ್ಷಗಟ್ಟಲೆ ಕಾಯಬೇಕು. ಗೂಟಿಯಲ್ಲಿ ಆಗಲೇ ದಪ್ಪಗಾಗಿ ಬಾಗಿದ ಕೊಂಬೆಯನ್ನೇ ಆರಿಸಿ, ಬೇರು ಎಲ್ಲಿ ಬರಬೇಕೆಂದು ನಾವೇ ಗೆರೆ ಕೊಯ್ಯುತ್ತೇವೆ. ಬೋನ್ಸಾಯ್ ಬಲ್ಲವರು ಮೊದಲು ನೋಡುವುದು ಬುಡವನ್ನು: ಬೇರುಗಳು ಸುತ್ತಲೂ ಹರಡಿ ನೆಲ ಹಿಡಿದಿವೆಯೇ ಎಂದು. ಕೊಂಬೆಯನ್ನು ಆಮೇಲೆ ಎಷ್ಟಾದರೂ ತಿದ್ದಬಹುದು, ಒಂದೇ ಮಗ್ಗುಲಿಗೆ ಬೇರು ಬಿಟ್ಟ ಬುಡವನ್ನು ತಿದ್ದುವುದು ಬಲು ಕಷ್ಟ. ಅದಕ್ಕೇ ಈ ಇಡೀ ಕೆಲಸದಲ್ಲಿ ಹೆಚ್ಚಿನ ಜಾಗ್ರತೆ ಕೇಳುವುದು ಆ ಒಂದು ಗೆರೆ.

ಹಂತ 1: ಹೊತ್ತು

ಮಿರಗದ ಮಳೆ ಬಿದ್ದು ನೆಲ ತಂಪಾಗಿ, ಗಿಡ ಹೊಸ ಚಿಗುರಿನಲ್ಲಿರುವಾಗ ಕಟ್ಟಬೇಕು. ಆರಿದ್ರಾ ಮಳೆಯಿಂದ ಪುಷ್ಯ ಮಳೆಯವರೆಗೆ, ಅಂದರೆ ಜೂನ್ ಕೊನೆಯಿಂದ ಜುಲೈ ತುದಿಯ ತನಕ ಒಳ್ಳೆಯ ಕಾಲ. ಗಾಳಿಯಲ್ಲಿ ತೇವ ಇರುತ್ತದೆ, ಬೇರು ಬರಲು ಬೇಕಾದ ಎರಡು ತಿಂಗಳು ಮಳೆಗಾಲದೊಳಗೇ ಮುಗಿಯುತ್ತವೆ. ಬೇಸಿಗೆಯಲ್ಲಿ ಕಟ್ಟಿದರೆ ನೀರಿನ ಹಿಂದೆಯೇ ಓಡಬೇಕಾಗುತ್ತದೆ.

ಹಂತ 2: ತಾಯಿಗಿಡ ಮತ್ತು ಕೊಂಬೆ

ಮೊದಲು ಗಿಡದ ಆರೋಗ್ಯ ನೋಡಿ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಕಪ್ಪು ಚುಕ್ಕೆ, ಕಾಯಿಯ ಮೇಲೆ ಸೀಳಿದ ಕಲೆ, ರೆಂಬೆಯ ಮೇಲೆ ಕಪ್ಪು ಗಾಯ ಕಂಡರೆ ಅದು ದುಂಡಾಣು ಅಂಗಮಾರಿ. ಮರಾಠಿ ಸೀಮೆಯ ರೈತರು ತೇಲ್ಯಾ ಎಂದು ಹೆದರುವ ರೋಗ. ಅಂಥ ಗಿಡದ ಕೊಂಬೆ ಎಷ್ಟೇ ಚೆಂದವಿದ್ದರೂ ಮುಟ್ಟಬೇಡಿ. ಗೂಟಿಯೊಂದಿಗೆ ರೋಗವೂ ಹೊಸ ಜಾಗಕ್ಕೆ ಬರುತ್ತದೆ, ಪಕ್ಕದವರ ತೋಟಕ್ಕೂ ಹೋಗುತ್ತದೆ. ಅನುಮಾನ ಬಂದರೆ ಜನವಾಡದ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೀದರಿನ ತೋಟಗಾರಿಕೆ ಕಾಲೇಜಿಗೋ ಒಂದು ಎಲೆ ಒಯ್ದು ತೋರಿಸಿ. ದಾಳಿಂಬೆಗೆಂದೇ ಇರುವ ರಾಷ್ಟ್ರೀಯ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಲ್ಲಿದೆ. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಹೋಗಿ ಬರುವ ದೂರ.

ಆಮೇಲೆ ಕೊಂಬೆ. ಬುಡದಿಂದ ನೆಟ್ಟಗೆ ಏಳುವ ನೀರುಗೊಂಬೆ ಬೇಡ, ಅದರಲ್ಲಿ ಬಾಗೂ ಇಲ್ಲ, ಕವಲೂ ಇಲ್ಲ. ಹೆಬ್ಬೆರಳಿನ ದಪ್ಪ, ಸುಮಾರು 2 ಸೆಂಟಿಮೀಟರ್, ಎರಡು ವರ್ಷವಾದರೂ ಬಲಿತದ್ದು, ಓರೆಯಾಗಿ ಮೇಲೆದ್ದದ್ದು, ಒಂದು ಗೇಣಿನೊಳಗೆ ಎರಡು ಮೂರು ಕವಲೊಡೆದದ್ದು ನೋಡಿ. ಕೊಂಬೆಯ ಬುಡವನ್ನು ಅಂಗೈಯಿಂದ ಮುಚ್ಚಿ ಮೇಲಿನ ಭಾಗವನ್ನಷ್ಟೇ ನೋಡಿದರೆ ಅದು ಪುಟ್ಟ ಮರದಂತೆ ಕಾಣಬೇಕು. ಕೈಯನ್ನು ಮೇಲೆ ಕೆಳಗೆ ಸರಿಸುತ್ತ ನೋಡಿ, ಎಲ್ಲಿ ಮುಚ್ಚಿದಾಗ ಚೆಂದ ಕಾಣುತ್ತದೋ ಅಲ್ಲಿಗೆ ಸುಣ್ಣದ ಗುರುತು ಹಾಕಿ. ಇದಕ್ಕೆ ಒಂದು ಮುಂಜಾನೆ ಪೂರ್ತಿ ಹೋದರೂ ಅಡ್ಡಿಯಿಲ್ಲ. ದಾಳಿಂಬೆಗೆ ಮುಳ್ಳಿದೆ, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ.

ಹಂತ 3: ಸಾಮಾನು

ಹೊಸ ಬ್ಲೇಡು ಅಥವಾ ಹರಿತ ಚಾಕು, ಅದನ್ನು ಒರೆಸಲು ಸ್ಪಿರಿಟ್, ತೆಂಗಿನ ನಾರಿನ ಪುಡಿ ಅಥವಾ ನರ್ಸರಿಯಲ್ಲಿ ಸಿಗುವ ಒಣ ಪಾಚಿ, ಒಂದು ಗೇಣು ಅಗಲದ ತೆಳು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಸುತಳಿ, ಬೇರು ಬರಿಸುವ ಐಬಿಎ ಪುಡಿ, ಹಳೆ ಪೇಪರ್. ನಾರಿನ ಪುಡಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ. ಬಳಸುವಾಗ ಮುಷ್ಟಿಯಲ್ಲಿ ಗಟ್ಟಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು. ಹೆಚ್ಚು ಒದ್ದೆಯಾದರೆ ಗಾಯ ಕೊಳೆಯುತ್ತದೆ.

ಹಂತ 4: ಉಂಗುರ

ಗಿಡದಲ್ಲಿ ಎರಡು ದಾರಿಗಳಿವೆ. ಬೇರಿನ ನೀರು ಒಳಗಿನ ಕಟ್ಟಿಗೆಯಲ್ಲಿ ಮೇಲೇರುತ್ತದೆ, ಎಲೆ ಮಾಡಿದ ಸಕ್ಕರೆ ತೊಗಟೆಯ ಒಳಪದರದಲ್ಲಿ ಕೆಳಗಿಳಿಯುತ್ತದೆ. ಚಿಗುರಿನಲ್ಲಿ ಹುಟ್ಟಿ ಬೇರು ಹುಟ್ಟಿಸುವ ಚೋದಕವೂ ಕೆಳಮುಖವಾಗಿಯೇ ಸಾಗುತ್ತದೆ. ನಾವು ತೊಗಟೆಯನ್ನಷ್ಟೇ ಉಂಗುರದಂತೆ ತೆಗೆಯುತ್ತೇವೆ. ನೀರು ಏರುತ್ತಲೇ ಇರುವುದರಿಂದ ಕೊಂಬೆ ಬಾಡುವುದಿಲ್ಲ. ಇಳಿಯುವುದೆಲ್ಲ ಕಾಲುವೆಗೆ ಒಡ್ಡು ಹಾಕಿದಂತೆ ಉಂಗುರದ ಮೇಲಂಚಿನಲ್ಲಿ ನಿಂತು ಅಲ್ಲಿ ಬೇರಾಗುತ್ತದೆ.

ಹಾಗಾಗಿ ಮೇಲಿನ ಗೀರೇ ನಾಳೆಯ ನೆಲದ ಗೆರೆ. ಸುಣ್ಣದ ಗುರುತಿನ ಮೇಲೆ ಬ್ಲೇಡು ಊರಿ, ಒಂದೇ ಮಟ್ಟದಲ್ಲಿ ಸುತ್ತ ಒಯ್ದು, ಶುರುವಾದ ಜಾಗಕ್ಕೇ ಕೂಡಿಸಿ. ಕೂಡದೆ ಮೇಲೆ ಕೆಳಗಾದರೆ ಬೇರೂ ಹಾಗೇ ಹೊರಡುತ್ತದೆ. ದಾರವೊಂದನ್ನು ಕೊಂಬೆಗೆ ಸುತ್ತಿ ಅದರ ಅಂಚಿಗೆ ಗೀರಿದರೆ ಕೈ ತಪ್ಪುವುದಿಲ್ಲ. ಗಿಡ ಮುಂದೆ ತುಸು ಓರೆಯಾಗಿ ನಿಲ್ಲಬೇಕೆಂದಿದ್ದರೆ ಗೀರನ್ನೂ ಅದಕ್ಕೆ ತಕ್ಕಂತೆ ಓರೆ ಮಾಡಿ. ಎರಡನೆಯ ಗೀರು ಅದರ ಕೆಳಗೆ, ಕೊಂಬೆಯ ದಪ್ಪದ ಒಂದೂವರೆಯಷ್ಟು ದೂರದಲ್ಲಿ: 2 ಸೆಂಟಿಮೀಟರ್ ಕೊಂಬೆಗೆ 3 ಸೆಂಟಿಮೀಟರ್. ನಡುವೆ ಉದ್ದಕ್ಕೊಂದು ಗೀರು ಹಾಕಿ ಚಾಕುವಿನ ತುದಿಯಿಂದ ಎಬ್ಬಿಸಿ. ಮಳೆಗಾಲದಲ್ಲಿ ತೊಗಟೆ ಸುಲಭವಾಗಿ ಸುಲಿದು ಬರುತ್ತದೆ, ಕೆಳಗೆ ನುಣ್ಣನೆಯ ತಿಳಿಹಳದಿ ಕಟ್ಟಿಗೆ ಕಾಣುತ್ತದೆ.

ಸುಲಿದರೆ ಮುಗಿಯಿತೆಂದುಕೊಳ್ಳಬೇಡಿ. ಆ ಕಟ್ಟಿಗೆಯ ಮೇಲೆ ಬೆರಳಾಡಿಸಿ, ಲೋಳೆ ಹತ್ತುತ್ತದೆ. ಹೊಸ ತೊಗಟೆ ಹುಟ್ಟುವುದು ಆ ಲೋಳೆಯ ಪದರದಿಂದಲೇ. ಅದನ್ನು ಬಿಟ್ಟರೆ ಕೆಲವೇ ವಾರದಲ್ಲಿ ಮೇಲಂಚಿನಿಂದ ಕೆಳಂಚಿಗೆ ಸಣ್ಣ ಸೇತುವೆ ಕಟ್ಟಿಕೊಂಡು ಸಕ್ಕರೆ ಮತ್ತೆ ಇಳಿಯತೊಡಗುತ್ತದೆ, ಬೇರು ಬರುವುದೇ ಇಲ್ಲ. ಹೊಸಬರ ಗೂಟಿ ಕೂರದಿದ್ದರೆ ಹೆಚ್ಚಿನ ಸಲ ಕಾರಣ ಇಷ್ಟೇ. ಚಾಕುವಿನ ಬೆನ್ನಿನಿಂದ ಸುತ್ತಲೂ ಕೆರೆದು, ಒಣ ಬಟ್ಟೆಯಿಂದ ಒರೆಸಿ, ಬೆರಳು ಜಾರದಷ್ಟು ಒಣಗಿಸಿ. ಮೇಲಂಚನ್ನು ಮಾತ್ರ ಕೆರೆಯಬೇಡಿ. ಅದು ಬ್ಲೇಡು ಕೊಯ್ದ ಹಾಗೇ ಶುಭ್ರವಾಗಿರಬೇಕು.

ಆ ಮೇಲಂಚಿಗಷ್ಟೇ ಐಬಿಎ ಪುಡಿಯನ್ನು ತೆಳ್ಳಗೆ ಸವರಿ. ದಾಳಿಂಬೆ ಅದಿಲ್ಲದೆಯೂ ಬೇರು ಬಿಡಬಲ್ಲದು, ಆದರೆ ಸುತ್ತಲೂ ಸಮನಾಗಿ ಬೇಕೆನ್ನುವ ನಮಗೆ ಪುಡಿ ಒಳ್ಳೆಯ ಆಸರೆ. ಹೆಚ್ಚು ಹಾಕಿದರೆ ಹೆಚ್ಚು ಬೇರು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಅತಿಯಾದರೆ ತೊಗಟೆಯೇ ಕಪ್ಪಾಗುತ್ತದೆ.

ಹಂತ 5: ಕಟ್ಟುವುದು

ಪ್ಲಾಸ್ಟಿಕ್ ಹಾಳೆಯನ್ನು ಉಂಗುರದ ಕೆಳಗೆ ಸುತ್ತಿ ಮೊದಲು ಕೆಳತುದಿ ಬಿಗಿಯಿರಿ. ಒಳಗೆ ಮುಷ್ಟಿ ತುಂಬ ನಾರಿನ ಪುಡಿ ತುಂಬಿ, ಮೇಲಂಚು ಪುಡಿಯ ನಟ್ಟನಡುವೆ ಬರುವಂತೆ, ಎಲ್ಲ ಮಗ್ಗುಲಿಗೂ ಒಂದೇ ದಪ್ಪ ಇರುವಂತೆ ಒತ್ತಿ. ಗಾಳಿ ಹೊರಹಾಕಿ ಮೇಲ್ತುದಿಯನ್ನು ಇನ್ನೂ ಬಿಗಿಯಾಗಿ ಕಟ್ಟಿ. ಮಳೆನೀರು ಕೊಂಬೆಗುಂಟ ಇಳಿದು ಒಳಹೊಕ್ಕರೆ ಕೊಳೆಯುವುದು ಖಂಡಿತ. ಹೊರಗೆ ಪೇಪರ್ ಸುತ್ತಿ, ಬೇರಿಗೆ ಕತ್ತಲೆ ಬೇಕು. ಗಾಳಿಗೆ ತೂಗಾಡುವ ಕೊಂಬೆಯಾದರೆ ಒಂದು ಕೋಲಿಗೆ ಬಿಗಿದು ನಿಲ್ಲಿಸಿ.

ಹಂತ 6: ಕಾಯುವುದು

ವಾರಕ್ಕೊಮ್ಮೆ ಪೇಪರ್ ಸರಿಸಿ ನೋಡಿದರೆ ಸಾಕು. ಪ್ಲಾಸ್ಟಿಕ್ಕಿನ ಒಳಮೈಗೆ ಹನಿ ಕಟ್ಟಿದ್ದರೆ ಎಲ್ಲ ಸರಿಯಿದೆ. ಪುಡಿ ಬಿಳಚಿ ಹಗುರಾಗಿದ್ದರೆ ಇಂಜೆಕ್ಷನ್ ಸಿರಿಂಜಿನಿಂದ ತುಸು ನೀರು ಬಿಟ್ಟು ತೂತಿಗೆ ಟೇಪು ಅಂಟಿಸಿ. ನಮ್ಮ ಕಡೆ ಆಗಸ್ಟಿನಲ್ಲಿ ಮಳೆ ಕೈಕೊಡುವ ದಿನಗಳುಂಟು, ಆಗ ಕಣ್ಣಿಟ್ಟಿರಿ. ಇರುವೆ ಗೂಡು ಕಟ್ಟಿದರೆ, ಅಳಿಲು ಹರಿದರೆ ತಡಮಾಡದೆ ಬಿಚ್ಚಿ ಹೊಸದಾಗಿ ಕಟ್ಟಿ.

ತಿಂಗಳು ಕಳೆದ ಮೇಲೆ ಬಿಳಿಯ ಬೇರಿನ ತುದಿ ಪ್ಲಾಸ್ಟಿಕ್ಕಿಗೆ ತಾಗಿ ಕಾಣುತ್ತದೆ. ಆ ಸಂಭ್ರಮದಲ್ಲಿ ಕತ್ತರಿ ಎತ್ತಬೇಡಿ. ಬಿಳಿ ಬೇರು ಎಳೆಯದು, ಮುಟ್ಟಿದರೆ ಮುರಿಯುತ್ತದೆ. ಅದು ಕಂದು ಬಣ್ಣಕ್ಕೆ ತಿರುಗಿ, ಅದರಿಂದ ಮರಿಬೇರು ಒಡೆದು, ಸುತ್ತ ಎಲ್ಲ ಮಗ್ಗುಲಲ್ಲೂ ಕಾಣುವವರೆಗೆ ತಡೆಯಿರಿ. ದಾಳಿಂಬೆಗೆ ಒಟ್ಟು 45ರಿಂದ 60 ದಿನ ಹಿಡಿಯುತ್ತದೆ. ಆರಿದ್ರಾದಲ್ಲಿ ಕಟ್ಟಿದ್ದು ಗಣೇಶ ಚೌತಿಯ ಆಸುಪಾಸಿಗೆ ಸಿದ್ಧ.

ಹಂತ 7: ಬೇರ್ಪಡಿಸಿ ಕುಂಡಕ್ಕೆ

ಒಮ್ಮೆಲೇ ಕತ್ತರಿಸಬೇಡಿ. ಉಂಗುರದ ಕೆಳಗೆ ಅರ್ಧದವರೆಗೆ ಗರಗಸ ಹಾಕಿ ಒಂದು ವಾರ ಬಿಡಿ, ಹೊಸ ಬೇರು ತನ್ನ ನೀರು ತಾನೇ ಕುಡಿಯಲು ಕಲಿಯುತ್ತದೆ. ಎಲೆ ಬಾಡದಿದ್ದರೆ ಮುಂದಿನ ವಾರ ಮೋಡದ ದಿನವೋ ಸಂಜೆಯೋ ನೋಡಿ ಪೂರ್ತಿ ಕತ್ತರಿಸಿ. ಮೂರರಲ್ಲಿ ಒಂದು ಪಾಲು ಎಲೆ, ಇದ್ದಬದ್ದ ಹೂ-ಮೊಗ್ಗು ತೆಗೆದುಬಿಡಿ. ಪ್ಲಾಸ್ಟಿಕ್ ಬಿಚ್ಚಿ, ನಾರಿನ ಪುಡಿಯನ್ನು ಕೊಡವದೆ ಉಂಡೆ ಇದ್ದ ಹಾಗೇ ಇಡಿ.

ಕುಂಡಕ್ಕೆ ನಮ್ಮ ಹೊಲದ ಎರೆಮಣ್ಣು ಬೇಡವೇ ಬೇಡ. ನೆನೆದರೆ ಉಬ್ಬಿ ಗಾಳಿ ಕಟ್ಟುತ್ತದೆ, ಒಣಗಿದರೆ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಅದರ ಬದಲು ಈ ಸೀಮೆಯಲ್ಲೇ ಧಾರಾಳವಾಗಿರುವ ಮುರುಮ್ ತನ್ನಿ. ಜರಡಿ ಹಿಡಿದು ದೂಳು ತೆಗೆದು, ಜೋಳದ ಕಾಳಿನಷ್ಟು ದಪ್ಪದ್ದು ಎರಡು ಪಾಲು, ಇಟ್ಟಿಗೆ ಚೂರು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಬೆರೆಸಿ. ಕುಂಬಾರರಲ್ಲಿ ಅಗಲ ಬಾಯಿಯ, ಆಳ ಕಡಿಮೆಯ ಮಣ್ಣಿನ ಕುಂಡ ಕೊಂಡು ತಳದಲ್ಲಿ ತೂತು ಇರುವಂತೆ ನೋಡಿಕೊಳ್ಳಿ. ಬೇರಿನ ಉಂಡೆಯ ಕೆಳಗೆ ಒಂದು ಒಡೆದ ಹಂಚಿನ ತುಂಡನ್ನು ಚಪ್ಪಟೆಯಾಗಿ ಇಟ್ಟರೆ ಬೇರು ಕೆಳಗಿಳಿಯದೆ ಅಡ್ಡಲಾಗಿ ಹರಡುತ್ತದೆ. ನನಗೆ ಬಹಳ ಇಷ್ಟದ ಉಪಾಯ ಇದು, ಖರ್ಚಿಲ್ಲದ್ದು. ಗಿಡವನ್ನು ಕುಂಡಕ್ಕೆ ಸುತಳಿಯಿಂದ ಬಿಗಿದು ಕಟ್ಟಿ. ಗಾಳಿಗೆ ಅಲುಗಾಡುವ ಗಿಡ ಬೇರೂರುವುದಿಲ್ಲ.

ಮೂರು ನಾಲ್ಕು ವಾರ ಬೇವಿನ ನೆರಳಿನಲ್ಲಿ ಇಟ್ಟು ಎಲೆಗೆ ನೀರು ಚಿಮುಕಿಸಿ. ಹೊಸ ಚಿಗುರು ಬಂದ ಮೇಲೆ ಮುಂಜಾನೆಯ ಬಿಸಿಲಿಗೆ, ನಂತರ ಪೂರ್ಣ ಬಿಸಿಲಿಗೆ ಸರಿಸಿ. ಚಿಗುರುವ ತನಕ ಗೊಬ್ಬರ ಕೊಡಬೇಡಿ.

ಹಂತ 8: ಮರುವರ್ಷ

ಮೊದಲ ಬೇಸಿಗೆಯನ್ನು ದಾಟಿಸುವುದೇ ದೊಡ್ಡ ಕೆಲಸ. ಏಪ್ರಿಲ್-ಮೇನಲ್ಲಿ ಎರಡು ಹೊತ್ತು ನೀರು, ಮಧ್ಯಾಹ್ನ ನೆರಳು, ಕುಂಡದ ಕೆಳಗೆ ಒದ್ದೆ ಮರಳು. ಮತ್ತೆ ಮಿರಗ ಬಂದಾಗ ಗಿಡವನ್ನು ಎತ್ತಿ, ಬಿದಿರುಕಡ್ಡಿಯಿಂದ ಮಣ್ಣು ಬಿಡಿಸಿ ಬೇರನ್ನು ಬಯಲು ಮಾಡಿ. ಉಂಗುರದ ಕೆಳಗೆ ಉಳಿದ ಮೋಟು ಕಟ್ಟಿಗೆಯನ್ನು ಬೇರಿನ ಮಟ್ಟಕ್ಕೆ ಸಮವಾಗಿ ಕತ್ತರಿಸಿ. ನೇರ ಕೆಳಗಿಳಿದ ಬೇರು ತೆಗೆದು, ಅಡ್ಡ ಹೋದವನ್ನು ಉಳಿಸಿ, ಒಂದರ ಮೇಲೊಂದು ಬಿದ್ದವನ್ನು ಬಿಡಿಸಿ ಸುತ್ತ ಹರಡಿ. ಮೇಲಂಚನ್ನು ಸಮನಾಗಿ ಕೊಯ್ದಿದ್ದರೆ ಅದರ ಫಲ ಈಗ ಕಣ್ಣಿಗೆ ಕಾಣುತ್ತದೆ. ಬೋನ್ಸಾಯ್ ತಟ್ಟೆಗೆ ಅವಸರ ಬೇಡ, ಇನ್ನೊಂದೆರಡು ವರ್ಷ ಈ ಅಗಲ ಕುಂಡದಲ್ಲೇ ದಪ್ಪಗಾಗಲಿ.

ತಂತಿ ಸುತ್ತಿ ಬಾಗಿಸುವುದಾದರೆ ಹಸಿರು ಚಿಗುರನ್ನು ಮಾತ್ರ ಬಾಗಿಸಿ. ದಾಳಿಂಬೆಯ ಬಲಿತ ಕಟ್ಟಿಗೆ ಪೆಡಸು, ಪಟ್ಟನೆ ಮುರಿಯುತ್ತದೆ. ಹೂ ಬರುವುದು ಚಿಗುರಿನ ತುದಿಯಲ್ಲಾದ್ದರಿಂದ ಸದಾ ತುದಿ ಚಿವುಟುತ್ತಿದ್ದರೆ ಹೂ ಸಿಗದು. ಹೂ ಬಂದ ಮೇಲೆ ಒಂದು ಕಾಯಿಗಿಂತ ಹೆಚ್ಚು ಉಳಿಸಬೇಡಿ.

ಇದೇ ರೀತಿಯಲ್ಲಿ ಆಲ, ಬಸರಿ, ಕಾಗದದ ಹೂವು, ಪೇರಲಕ್ಕೂ ಗೂಟಿ ಕಟ್ಟಬಹುದು. ಆಲ-ಬಸರಿಗೆ ಹಾಲು ಒರೆಸಿ ಒಣಗಿಸುವುದೊಂದು ಹೆಚ್ಚಿನ ಕೆಲಸ, ಬೇರು ಮಾತ್ರ ದಾಳಿಂಬೆಗಿಂತ ಬೇಗ ಬರುತ್ತದೆ. ಆದರೆ ಇವನ್ನು ಹುಡುಕುತ್ತ ಹೋಗಿ ಬಸವಕಲ್ಯಾಣದ ಕೋಟೆಗೋಡೆಯಲ್ಲಿ ಬೆಳೆದ ಗಿಡಗಳಿಗೆ ಕೈ ಹಾಕಬೇಡಿ. ಹುಣಸೆಯ ಬೋನ್ಸಾಯ್ ಬೇಕೆನ್ನುವವರು ಬೀಜದಿಂದಲೇ ಶುರುಮಾಡುವುದು ಲೇಸು. ಬೆಳೆದು ನಿಂತ ಬೋನ್ಸಾಯ್‌ಗಳ ಬುಡ ಹೇಗಿರುತ್ತದೆಂದು ನೋಡಬೇಕಾದರೆ ಬೆಂಗಳೂರಿನ ಲಾಲ್‌ಬಾಗ್ ಇದೆ, ಮೈಸೂರಿನ ಅವಧೂತ ದತ್ತ ಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಇದೆ. ಆ ಕಡೆ ಹೋದಾಗ ಎಲೆ-ಹೂಗಳಿಗಿಂತ ಮುಂಚೆ ಬಗ್ಗಿ ಬುಡ ನೋಡಿ.

ತಾಯಿಗಿಡವನ್ನು ಮರೆಯಬೇಡಿ. ಕತ್ತರಿಸಿದ ಮೋಟಿಗೆ ಬೋರ್ಡೊ ಮುಲಾಮು ಹಚ್ಚಿ, ಬುಡಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕಿ. ಗಾಯದ ಕೆಳಗಿನಿಂದ ಚಿಗುರು ಬರುತ್ತದೆ, ಅವುಗಳಲ್ಲಿ ಓರೆಯಾಗಿ ಏಳುವ ಒಂದೆರಡನ್ನು ಉಳಿಸಿಕೊಂಡರೆ ಎರಡು ಮೂರು ವರ್ಷದಲ್ಲಿ ಮತ್ತೊಂದು ಗೂಟಿಗೆ ಕೊಂಬೆ ಸಿದ್ಧವಾಗುತ್ತದೆ.