ಮೂಗರ್ಜಿ ಬೇಡ, ಟೀಚರ್

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಭದ್ರಾವತಿಯ ಕ್ವಾರ್ಟರ್ಸ್ ಬಿಟ್ಟು ಶಿವಮೊಗ್ಗದ ಹೊರವಲಯದಲ್ಲಿ ಮನೆ ಕಟ್ಟಿಕೊಂಡಿದ್ದೇವೆ. ಎದುರಿನ ಖಾಲಿ ಜಾಗ ಪಾರ್ಕಿಗೆ ಅಂತ ನಂಬಿಯೇ ಸೈಟು ಕೊಂಡಿದ್ದು. ಈಗ ಅದನ್ನು ವಾಣಿಜ್ಯ ಉಪಯೋಗಕ್ಕೆ ಬದಲಾಯಿಸುವ ಪ್ರಕಟಣೆ ಪೇಪರಿನಲ್ಲಿ ಬಂದಿದೆ. ಕಲ್ಯಾಣ ಮಂಟಪ ಬರುತ್ತದಂತೆ. ಆಕ್ಷೇಪಣೆಗೆ 15 ದಿನ ಕೊಟ್ಟಿದ್ದಾರೆ. ಜಾಗದವರು ನಮ್ಮ ಯಜಮಾನರ ಜೊತೆ ಕಾರ್ಖಾನೆಯಲ್ಲಿ ಒಂದೇ ಶಿಫ್ಟಿನಲ್ಲಿ ದುಡಿದವರು. ‘ಅವನ ಮುಖ ಹೇಗೆ ನೋಡಲಿ’ ಅಂತಾರೆ ಇವರು. ಒಂದು ಮೂಗರ್ಜಿ ಹಾಕಿದರೆ ಆಗದೇ?

ಉತ್ತರ: ಆಗದು, ಟೀಚರ್. ವಿಚಾರಣೆಗೆ ಕರೆಯೋಣವೆಂದರೆ ಮೂಗರ್ಜಿಗೆ ವಿಳಾಸವೇ ಇರುವುದಿಲ್ಲ. ಅದೂ ಅಲ್ಲದೆ, ನಿಮ್ಮ ಬೀದಿಯಲ್ಲಿ ಇಷ್ಟು ದುಂಡಗೆ, ಒಂದು ಕಾಗುಣಿತ ತಪ್ಪಿಲ್ಲದೆ ಬರೆಯುವವರು ಯಾರು ಅಂತ ಊರಿಗೆ ಗೊತ್ತಾಗಲು ಎಷ್ಟು ಹೊತ್ತು?

ಹೆಸರು ಹಾಕಿಯೇ ಬರೆಯಿರಿ. ಅದಕ್ಕೂ ಮೊದಲು ಒಂದು ಬೆಳಗ್ಗೆ ಸೂಡಾ ಕಚೇರಿಗೆ, ಅಂದರೆ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಹೋಗಿ ಬನ್ನಿ. ಸರ್ವೆ ನಂಬರ್ ಹೇಳಿ ಎರಡು ನಕ್ಷೆ ಕೇಳಿ. ಒಂದು, ಊರಿನ ಮಹಾಯೋಜನೆಯ ಭೂ ಉಪಯೋಗ ನಕ್ಷೆ: ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಇನ್ನೊಂದು, ನಿಮ್ಮ ಬಡಾವಣೆಗೆ ಅನುಮೋದನೆಯಾದ ಲೇಔಟ್ ನಕ್ಷೆ. ಸೈಟು ಮಾರಿದವರು ಕೊಟ್ಟ ಹೊಳಪಿನ ಕಾಗದವನ್ನು ನಂಬಬೇಡಿ. ಅದರಲ್ಲಿ ಕಾರಂಜಿಯೂ ಇರುತ್ತದೆ, ನವಿಲೂ ಇರುತ್ತದೆ.

ಎರಡನ್ನೂ ಯಾಕೆ ನೋಡಬೇಕೆಂದರೆ, ಹಸಿರಿನಲ್ಲಿ ಎರಡು ಜಾತಿ. ಲೇಔಟ್ ನಕ್ಷೆಯಲ್ಲಿ ಪಾರ್ಕ್ ಅಂತ ತೋರಿಸಿ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಜಾಗವಾದರೆ ನಿಮ್ಮ ಯಜಮಾನರ ಗೆಳೆಯರು ಅದರ ಮಾಲೀಕರಾಗುವುದೇ ಹೇಗೆ? ಆಗ ನಿಮ್ಮ ಕೈ ತುಂಬಾ ಗಟ್ಟಿ. ಬೆಂಗಳೂರಿನ ಸದಾಶಿವನಗರದ ಕಡೆ ಹೀಗೇ ಆಗಿತ್ತು. ಪಾರ್ಕಿಗೆ ಇಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಮುದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರ ನಿಂತಿತು. ಅಕ್ಕಪಕ್ಕದವರಿಗೆ ಕೇಳುವ ಹಕ್ಕಿಲ್ಲ ಅನ್ನುವ ವಾದವನ್ನೂ ಅದು ಒಪ್ಪಲಿಲ್ಲ.

ಆದರೆ ನೀವು ‘ಜಾಗದವರು’ ಅಂತ ಬರೆದಿರುವುದು ನೋಡಿದರೆ ಇದು ಇನ್ನೊಂದು ಜಾತಿಯ ಹಸಿರು ಇರಬೇಕು: ಖಾಸಗಿಯವರ ಸರ್ವೆ ನಂಬರಿನ ಮೇಲೆ ಮಹಾಯೋಜನೆ ಬಳಿದ ಬಣ್ಣ. ಹಾಗಿದ್ದರೆ ಅವರ ಕಷ್ಟವನ್ನೂ ಸ್ವಲ್ಪ ಕೇಳಿ. ಜಾಗಕ್ಕೆ ದುಡ್ಡು ಬರಲಿಲ್ಲ, ಅದರಲ್ಲಿ ಏನೂ ಕಟ್ಟುವ ಹಾಗೂ ಇರಲಿಲ್ಲ. ಅದಕ್ಕೇ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 69ನೇ ಕಲಂ ಒಂದು ಗಡುವು ಇಟ್ಟಿದೆ. ಅಂತಿಮ ಯೋಜನೆ ಪ್ರಕಟವಾಗಿ 5 ವರ್ಷದೊಳಗೆ ಜಾಗ ಕೊಳ್ಳದಿದ್ದರೆ, ಸ್ವಾಧೀನವನ್ನೂ ಶುರು ಮಾಡದಿದ್ದರೆ ಆ ಮೀಸಲು ಬಿದ್ದುಹೋಗುತ್ತದೆ. ಆಗ ‘ಇದು ಪಾರ್ಕು’ ಅನ್ನುವ ಒಂದೇ ಮಾತು ನಿಲ್ಲಲಿಕ್ಕಿಲ್ಲ.

ಹಾಗೆಂದು ಪಾರ್ಕಿನ ಮೀಸಲು ಬಿದ್ದ ಮಾತ್ರಕ್ಕೆ ಕಲ್ಯಾಣ ಮಂಟಪ ಎದ್ದೇಬಿಡುವುದಿಲ್ಲ. ಭೂ ಉಪಯೋಗ ಬದಲಿಸುವ 14-ಎ ಕಲಂ ಕೇಳುವುದು ಈ ಬದಲಾವಣೆ ಸಾರ್ವಜನಿಕ ಹಿತಕ್ಕೋ ಅಲ್ಲವೋ ಅಂತ. ನಿಮ್ಮ ಅರ್ಜಿ ಅಲ್ಲಿ ನಿಲ್ಲಬೇಕು. ‘ನೆಮ್ಮದಿ ಹಾಳಾಗುತ್ತದೆ’ ಅಂತ ಬರೆದರೆ ಯಾರ ಮನಸ್ಸೂ ಕರಗದು. ಟೇಪು ಹಿಡಿದು ರಸ್ತೆಯ ಅಗಲ ಅಳೆಯಿರಿ, ಇನ್ನೊಂದು ತುದಿ ಹಿಡಿಯಲು ಯಜಮಾನರನ್ನೇ ಕರೆಯಿರಿ. ಮುಹೂರ್ತದ ದಿನ ಕಾರುಗಳು ಎಲ್ಲಿ ನಿಲ್ಲುತ್ತವೆ? ಚರಂಡಿಯ ಅಗಲ ಎಷ್ಟು, ಅದು ಯಾವ ಕಡೆ ಹರಿಯುತ್ತದೆ? 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ಶಿವಮೊಗ್ಗಕ್ಕೆ ಮರೆತಿಲ್ಲ. ಜೋರು ಮಳೆಯಲ್ಲಿ ನಿಮ್ಮ ಎದುರಿನ ಜಾಗದಲ್ಲಿ ನೀರು ನಿಲ್ಲುವುದಾದರೆ ತಾರೀಕಿನ ಸಮೇತ ಫೋಟೋ ಲಗತ್ತಿಸಿ.

ಇದರ ಮಧ್ಯೆ ಯಾರಾದರೂ ‘ಡಿಸಿಯವರಿಂದ ಕನ್ವರ್ಶನ್ ಆಗಿದೆ’ ಅಂದರೆ ಗಾಬರಿ ಬೀಳಬೇಡಿ. ಭೂಪರಿವರ್ತನೆ ಕಂದಾಯದ ಕಾಯ್ದೆಯ ಲೆಕ್ಕ, ಕಟ್ಟಡದ ಲೈಸೆನ್ಸು ಬೇರೆ, ಮಹಾಯೋಜನೆಗೆ ಹೊಂದುತ್ತದೋ ಇಲ್ಲವೋ ಅನ್ನುವುದು ಮತ್ತೂ ಬೇರೆ.

ಟೇಪು ಕೈಯಲ್ಲಿರುವಾಗಲೇ ನಿಮ್ಮ ಮನೆಯ ಸುತ್ತ ಬಿಡಬೇಕಾದ ಜಾಗವನ್ನೂ ಅಳೆದುಬಿಡಿ. ಆಮೇಲೆ ಕಾರ್ ಶೆಡ್ಡು ಅಂತ ಮುಂದೆ ಚಾಚಿದ ಶೀಟು ಇದ್ದರೆ ಎದುರಿನವರು ಮೊದಲು ಬೆರಳು ತೋರುವುದೇ ಅಲ್ಲಿಗೆ.

ಇನ್ನು ಗೆಳೆತನದ ಮಾತು. ಅರ್ಜಿ ಕೊಡುವ ಮುನ್ನ ಯಜಮಾನರು ಅವರ ಮನೆಗೆ ಹೋಗಿ ಹೇಳಿ ಬರಲಿ: ‘ನಾವು ಆಕ್ಷೇಪಣೆ ಹಾಕುತ್ತಿದ್ದೇವೆ, ಇಂಥಿಂಥ ಕಾರಣ’ ಅಂತ. ಅವರಿಗೆ ಸಿಟ್ಟು ಬರಬಹುದು, ಬರಲಿ. ನೋಟೀಸಿನಲ್ಲಿ ನಿಮ್ಮ ಹೆಸರು ಓದಿ ಬರುವ ಸಿಟ್ಟಿಗಿಂತ ಅದು ಬೇಗ ಇಳಿಯುತ್ತದೆ. ಅರ್ಜಿಯಲ್ಲಿ ಅವರ ಹೆಸರೇ ಬೇಡ, ಸರ್ವೆ ನಂಬರ್ ಸಾಕು.

ಎರಡು ಪ್ರತಿ ಮಾಡಿ. ಒಂದನ್ನು ಗಡುವಿಗೆ ಎರಡು ದಿನ ಮೊದಲೇ ಕೊಟ್ಟು, ಇನ್ನೊಂದರ ಮೇಲೆ ತಾರೀಕಿನ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಟಪಾಲು ವಿಭಾಗದಿಂದ ಕದಲಬೇಡಿ.