ಕಲ್ಲು ಇದ್ದಲ್ಲೇ ಇರಲಿ

ತಮ್ಮಾ, ಗಣೇಶಗುಡಿಗೆ ರಾಫ್ಟಿಂಗಿಗೆ ಬಂದವರನ್ನು ಸುತ್ತಾಡಿಸಿ ನಾಲ್ಕು ಕಾಸು ಕಾಣುತ್ತಿದ್ದೀಯ, ಒಳ್ಳೇದು. ಇನ್ನುಮೇಲೆ ಅವರನ್ನು ಹಳಿಯಾಳ, ಮುಂಡಗೋಡಿನ ಹಳ್ಳಿಗಳ ಕಡೆಗೂ ನಡೆಸಿಕೊಂಡು ಹೋಗುವ ಯೋಚನೆ ಇನ್ನೂ ಒಳ್ಳೇದು. ಆದರೆ ಗದ್ದೆ ಬದುವಿನಲ್ಲಿ ಬಿದ್ದ ವೀರಗಲ್ಲುಗಳನ್ನು ಟ್ರ್ಯಾಕ್ಟರಿಗೆ ಹೇರಿ ತಂದು ಹೋಮ್‌ಸ್ಟೇ ಅಂಗಳದಲ್ಲಿ ನಿಲ್ಲಿಸುತ್ತೇನೆ ಅಂದೆಯಲ್ಲ, ಆ ಕೆಲಸ ಮಾತ್ರ ಮಾಡಬೇಡ.

ಒಂದು ವೀರಗಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡು. ಕೆಳಗಿನ ಪಟ್ಟಿಯಲ್ಲಿ ಕಾಳಗ: ಬಿಲ್ಲೋ ಕತ್ತಿಯೋ ಹಿಡಿದ ಆಳು, ಕೆಲವು ಕಡೆ ಅವನ ಪಕ್ಕದಲ್ಲೇ ದನಗಳ ಸಾಲು. ನಡುವೆ ಅವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಲಿಂಗದ ಎದುರು ಕೈಮುಗಿದು ಕೂತಿರುತ್ತಾನೆ, ನೆತ್ತಿಗೆ ಸೂರ್ಯಚಂದ್ರ. ಬರಹವಿದ್ದರೆ ಪಟ್ಟಿಗಳ ನಡುವಿನ ಕಿರಿದಾದ ಅಂಚಿನಲ್ಲಿರುತ್ತದೆ. ದನ ಹೊಡೆದುಕೊಂಡು ಹೋಗಲು ಬಂದವರನ್ನು ಇವನು ತಡೆದ ಅಂತ ಕಲ್ಲು ಹೇಳುತ್ತದೆ. ಎಲ್ಲಿ ತಡೆದ? ಅದನ್ನು ಹೇಳುವುದು ಕಲ್ಲು ನಿಂತ ಜಾಗ. ಕೆರೆ ಏರಿಯೋ, ಊರ ಗಡಿಯೋ, ಹಳೇ ಬಂಡಿ ದಾರಿಯ ತಿರುವೋ. ಅಲ್ಲಿಂದ ಕಿತ್ತು ತಂದರೆ ನಿನ್ನ ಅಂಗಳದಲ್ಲಿ ಒಂದು ಗೊಂಬೆ ಉಳಿಯುತ್ತದೆ, ಅಷ್ಟೇ. ಲಿಂಗ, ಹಸುಕರು, ಸೂರ್ಯಚಂದ್ರ ಕೊರೆದ ಚಿಕ್ಕ ಕಲ್ಲಂತೂ ಗುಡಿಗೆ ಬಿಟ್ಟ ದತ್ತಿ ಭೂಮಿಯ ಗಡಿಯದ್ದು. ಗಡಿಗಲ್ಲನ್ನು ಜಾಗ ಬಿಡಿಸಿದ ಮೇಲೆ ಅದಕ್ಕೇನು ಅರ್ಥ?

ನಮ್ಮ ಸೀಮೆಯ ಮಗ್ಗುಲಲ್ಲೇ ಹಲಸಿ ಇದೆ. ಗೋವೆಯ ಕದಂಬರು ಆಳಿದ ಹಲಸಿಗೆ ಹನ್ನೆರಡು ಸಾವಿರ ಅಂದರೆ ಆ ನಾಡು. ಇತ್ತ ಮುಂಡಗೋಡಿಗೆ ಹಾನಗಲ್ಲು, ಬನವಾಸಿ ಎರಡೂ ಹತ್ತಿರ. ಹೀಗಿರುವಾಗ ಇಲ್ಲಿ ಕಲ್ಲು ಸಿಗುವುದು ವಿಶೇಷವಲ್ಲ. ಅವು ಕಣ್ಣಿಗೆ ಬೀಳದಿರುವುದಕ್ಕೆ ಕಾರಣ ರಸ್ತೆ. ಡಾಂಬರು ದಾರಿ ಬಂದಾಗ ಓಡಾಟ ಅತ್ತ ತಿರುಗಿತು, ಏರಿಯ ಮೇಲಿನ ಕಲ್ಲು ಹಿತ್ತಲಿಗೆ ಬಿತ್ತು. ಉಳವಿಯ ದಾರಿ ನೋಡು: ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಈಗಲೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ, ಎತ್ತು ಬಿಚ್ಚುವ ಹಳ್ಳ, ಅಡುಗೆ ಹೂಡುವ ಮರದಡಿ ಯಾವುದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಹೇಳುವುದು, ನೀನು ನಡೆಯುವುದಾದರೆ ಹಳೇ ಬಂಡಿ ಜಾಡು ಹಿಡಿದು ನಡೆ.

ಸೂಪಾದ ಮಾತೆತ್ತುತ್ತೀಯ, ಗೊತ್ತು. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದಾಗ ತಾಲ್ಲೂಕಿನ ಊರೇ ಮುಳುಗಿತು, ಕಚೇರಿ ಜೋಯಿಡಾಕ್ಕೆ ಬಂತು, ಎಷ್ಟೋ ಮಂದಿ ರಾಮನಗರಕ್ಕೆ ಹೋದರು. ನೀರು ಬರುವಾಗ ಇದ್ದಬದ್ದದ್ದನ್ನು ಎತ್ತಿ ಸಾಗಿಸದೆ ಬೇರೆ ದಾರಿ ಇರಲಿಲ್ಲ. ನಿನ್ನ ಬದುವಿನ ಕಲ್ಲಿಗೆ ಅಂಥ ಗಂಡಾಂತರ ಬಂದಿಲ್ಲವಲ್ಲ.

ಇನ್ನು ನೋಡುವ ಕ್ರಮ. ನಡುಹಗಲಿನಲ್ಲಿ ಸವೆದ ಕಲ್ಲು ಬರೀ ಚಪ್ಪಡಿಯಂತೆ ಕಾಣುತ್ತದೆ. ಬೆಳಿಗ್ಗೆಯ ಓರೆ ಬಿಸಿಲಲ್ಲಿ ಅದರ ಮೇಲೇ ಕತ್ತಿ, ಕುದುರೆ, ಅಕ್ಷರ ಏಳುತ್ತವೆ. ಬಿಸಿಲಿಲ್ಲದಿದ್ದರೆ ಮೊಬೈಲ್ ಟಾರ್ಚನ್ನು ಪಕ್ಕಕ್ಕೆ ಹಿಡಿ. ಪಾಚಿ ಇದ್ದರೆ ಬರೀ ನೀರು, ಮೆತ್ತನೆಯ ಬಟ್ಟೆ. ಕುಡುಗೋಲಿನಿಂದ ಕೆರೆಯಬೇಡ, ಅಕ್ಷರಕ್ಕೆ ಸುಣ್ಣ ತುಂಬಬೇಡ, ಆಯಿಲ್ ಪೇಂಟಂತೂ ಬೇಡವೇ ಬೇಡ. ಊರವರು ಎಣ್ಣೆ ಕುಂಕುಮ ಹಚ್ಚಿದ್ದರೆ ಜಗಳ ಕಾಯಬೇಡ. ಪೂಜೆ ಇಲ್ಲದ ಎಷ್ಟೋ ಕಲ್ಲುಗಳ ಮೇಲೆ ಬಟ್ಟೆ ಒಗೆದಿದ್ದಾರೆ, ಕುಡುಗೋಲು ಮಸೆದಿದ್ದಾರೆ. ಪೂಜೆಗೊಂಡ ಕಲ್ಲೇ ಹೆಚ್ಚು ಗಟ್ಟಿ ಉಳಿದಿದೆ, ನಾನು ಕಂಡ ಮಟ್ಟಿಗೆ.

ಅಕ್ಷರ ಸಿಕ್ಕರೆ ಫೋಟೋ ತೆಗೆದು, ಯಾವ ಊರು, ಯಾರ ಹೊಲ, ಯಾವ ದಿಕ್ಕಿಗೆ ಮುಖ ಅಂತ ಬರೆದಿಟ್ಟು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಗೆ ತೋರಿಸು. 1939ರಿಂದ ಶಾಸನ ಓದುವವರ ಮನೆ ಅದು, ನಮಗೆ ಒಂದು ಬಸ್ಸಿನ ದಾರಿ. ಇನ್‌ಸ್ಟಾಗ್ರಾಂನಲ್ಲಿ ಫೋಟೋ ಹಾಕು, ಲೊಕೇಶನ್ ಹಾಕಬೇಡ. ಕಲ್ಲಿನ ಬುಡದಲ್ಲಿ ನಿಧಿ ಇದೆಯೆಂದು ರಾತ್ರಿ ಅಗೆಯುವವರು ಇನ್ನೂ ಇದ್ದಾರೆ.

ಭತ್ತ ಕೊಯ್ಲಿನ ಹೊತ್ತಿಗೆ ಆನೆ ಇಳಿಯುತ್ತವೆ, ಸಂಜೆ ಮುಂದೆ ಯಾರನ್ನೂ ಕರೆದೊಯ್ಯಬೇಡ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಕಾಲಿಡಬೇಡ. ಹೊಲಕ್ಕೆ ಇಳಿಯುವ ಮೊದಲು ಹೊಲದವರನ್ನು ಕೇಳು. ಎಲೆಅಡಿಕೆ ಇಟ್ಟುಕೊಂಡು ಹೋಗು, ಅಜ್ಜನ ಜೊತೆ ಕಟ್ಟೆಗೆ ಕೂತು ಮಾತಿಗೆಳೆ. ಕಲ್ಲಿನ ವಿಷಯ ತನಗೇನೂ ತಿಳಿಯದು ಅಂತ ಅವನು ಕೈಯಾಡಿಸಿದರೆ ಎದ್ದು ಬರಬೇಡ, ಒಳಗಿರುವ ಅಜ್ಜಿಯನ್ನು ಕರೆಸಿ ಕೇಳು. ಅಮಾವಾಸ್ಯೆಗೆ ಅಲ್ಲಿ ದೀಪ ಇಟ್ಟು ಬರುವವಳು ಅವಳು.